ಹದಿನಾಲ್ಕನೇ ನಂಬರಿನ ಐಲೀನ್‌ಗೆ

ನಿನ್ನ ಹೆಸರು ನನಗೆ ಓದಲು ಬರಲಿಲ್ಲ, ಮಗಳು ಓದಿದಳು.
ಬೂದು ಬಣ್ಣದ ಪಾರ್ಸೆಲ್ ಚೀಲ, ಅದರ ಮೇಲೊಂದು ಬಿಳಿ ಚೀಟಿ,
ಅರ್ಧ ಮಳೆಗೆ ಹೋಗಿತ್ತು, ಅರ್ಧ ಉಳಿದಿತ್ತು:
ಐಲೀನ್ ಪ್ರೌಟಿ, ಮನೆ ನಂಬರು ಹದಿನಾಲ್ಕು.
ಬೀದಿಯ ಹೆಸರಿದ್ದ ಕಡೆ ಒಂದು ತೂತು.

ನಾನು ಙಾತಿನಾ.
ಬ್ರಾಂತಾಸ್ ಹೊಳೆಯ ಈಚೆ ದಂಡೆ, ತಾಹು ಕುದಿಸುವ ಊರು.
ತಾಹು ಅಂದರೆ, ಸೋಯಾ ಹಾಲು ಒಡೆಸಿ, ಬಟ್ಟೆಯಲ್ಲಿ ಕಟ್ಟಿ
ಹಲಗೆಯಡಿ ಒತ್ತಿಟ್ಟ ಬೆಳ್ಳನೆ ಗಟ್ಟಿ.
ನೀನೂ ತಿಂದಿರಬಹುದು.

ನಿಮ್ಮ ಕಡೆಯ ರದ್ದಿ ಸುರಬಾಯ ಬಂದರಿಗೆ ಇಳಿಯುತ್ತದೆ.
ಕಾರ್ಖಾನೆಗೆ ಕಾಗದ ಬೇಕು,
ಕಾಗದದ ಹೊಟ್ಟೆಯಲ್ಲಿ ಅಡಗಿ ಬಂದದ್ದು ಬೇಡ.
ಬೇಡವಾದದ್ದನ್ನು ಲಾರಿ ನಮ್ಮ ಅಂಗಳಕ್ಕೆ ಸುರಿಯುತ್ತದೆ.
ಕುಂಟೆಯಲ್ಲಿ ಹರಡುತ್ತೇನೆ, ಭತ್ತ ಒಣಗಿಸಿದ ಹಾಗೆ.
ಮೋಡ ಕಂಡರೆ ಓಡಿ ಬಂದು ಒಟ್ಟುತ್ತೇನೆ, ಭತ್ತದ ಹಾಗೆಯೇ.
ಇದೇ ಅಂಗಳ, ಇದೇ ಕುಂಟೆ,
ನನ್ನತ್ತೆ ಭತ್ತವನ್ನೇ ಹರಡುತ್ತಿದ್ದಳು.
ಹಿಡಿ ಬದಲಾಗಿದೆ, ಹಲ್ಲು ಅವೇ.

ಗಟ್ಟಿ ಬಾಟಲಿ ಮೊದಲು ಹೆಕ್ಕುವುದು, ಅದಕ್ಕೆ ಕಾಸು.
ತವರದ ಚೂರು, ಅದಕ್ಕೂ ಕಾಸು.
ಒಮ್ಮೆ ಪಕ್ಕದ ಮನೆ ಸರ್ಪಾನನಿಗೆ
ಯಾರದೋ ರಾಣಿಯ ಮುಖವಿದ್ದ ನೋಟು ಸಿಕ್ಕಿತು.
ಆಮೇಲೆ ತಿಂಗಳಿಡೀ ಊರೆಲ್ಲ ಬಗ್ಗಿಯೇ ನಡೆಯಿತು.
ಉಳಿದದ್ದು ಬಿಸ್ಕತ್ತಿನ ಹೊದಿಕೆ,
ನಗುವ ನಾಯಿಯ ಚಿತ್ರವಿದ್ದ ನಾಯಿಯೂಟದ ಚೀಲ,
ಪದರ ಪದರ ಒಂದಕ್ಕೊಂದು ಅಂಟಿಕೊಂಡದ್ದು,
ಯಾರೂ ಬಿಡಿಸಲಾರರು, ಯಾರೂ ಕೊಳ್ಳಲಾರರು.
ಅದು ತಾಹುವಿನ ಒಲೆಗೆ.
ಕಟ್ಟಿಗೆಗಿಂತ ಅಗ್ಗ. ಉರಿಯೂ ಚುರುಕು.

ನಿನ್ನ ಚೀಲದ ಮೂಲೆಯಲ್ಲಿ ಮೂರು ಬಾಣ
ಒಂದರ ಬಾಲ ಒಂದು ಅಟ್ಟಿಕೊಂಡು ಓಡುತ್ತಿದ್ದವು.
ಏನೇ ಇದು, ಎಂದೆ ಸೆಕಾರ್‌ಳನ್ನು.
"ಎಸೆದದ್ದು ಸುತ್ತಿ ಬಂದು ಇನ್ನೊಂದಾಗುತ್ತದೆ ಅಂತ, ಅಮ್ಮಾ."
ಸರಿ. ಆಗಿದೆ.
ಅರವತ್ತು ಹಲಗೆ ತಾಹು ಆಗಿದೆ, ನಸುಕಿನ ಸಂತೆಗೆ.
ಕಾಳೂ ಹಡಗಿನದು, ಬೆಂಕಿಯೂ ಹಡಗಿನದು,
ನಮ್ಮದು ನೀರು,
ಮತ್ತೆ ಕೆಮ್ಮು.

ನಿನ್ನ ಮೇಲೆ ಸಿಟ್ಟಿಲ್ಲ ಐಲೀನ್.
ನಿಮ್ಮ ಕಡೆಯ ಮೊಸರಿನ ಡಬ್ಬಿಗಳಲ್ಲಿ ಎಷ್ಟೋ ತೊಳೆದವು.
ಎಸೆಯುವುದನ್ನೂ ತೊಳೆಯುವ ಕೈ
ಕೆಟ್ಟ ಕೈ ಆಗಿರಲಾರದು.
ಸಾಹುಕಾರನ ಮೇಲೂ ಇಲ್ಲ. ಉಂಡ ಮನೆಯ ಗಳ ಎಣಿಸಬಾರದು.
ಎಣಿಸುವುದಿಲ್ಲ.
ಈ ಹೊಗೆಯಲ್ಲಿ ಗಳ ಕಾಣುವುದೂ ಇಲ್ಲ.

ಹೋದ ವರ್ಷ ಪಟ್ಟಣದ ಹುಡುಗಿಯೊಬ್ಬಳು ಬಂದಿದ್ದಳು, ಕೈಗವಸು ಹಾಕಿಕೊಂಡು.
ಕೋಳಿ ಎದ್ದದ್ದೇ ತಡ, ಬಿಸಿ ಆರದ ಮೂರು ಮೊಟ್ಟೆ
ಬೆಳ್ಳಿ ಕಾಗದದಲ್ಲಿ ಸುತ್ತಿ, ಮೇಲೆ ನನ್ನ ಹೆಸರು ಬರೆದು
ಯಾವುದೋ ದೂರದ ಪ್ರಯೋಗಶಾಲೆಗೆ ಕಳಿಸಿದಳು.
ನಿನ್ನ ಹೆಸರು ಇಲ್ಲಿಗೆ ಬಂತಲ್ಲ, ಹಾಗೆ ನನ್ನದೂ ಹೋಯಿತು,
ಅಲ್ಲಿ ಯಾರು ಓದಿದರೋ.
ನಾಲ್ಕು ತಿಂಗಳ ಮೇಲೆ ಬಂದು ಅಂದಳು,
ಮೊಟ್ಟೆ ತಿನ್ನಬೇಡಿ, ಮಗುವಿಗಂತೂ ಬೇಡವೇ ಬೇಡ.
ಕೋಳಿ? ಎಂದೆ.
ಅಂಗಳ? ತಾಹು?
ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿದಳು,
ಕಣ್ಣು ಒರೆಸಿಕೊಂಡಳು. ಹೊಗೆಗೆ ಇರಬೇಕು.

ಇವತ್ತು ಒಲೆಗೆ ಒಡ್ಡುವ ಮೊದಲು
ನಿನ್ನ ಚೀಟಿ ಕಿತ್ತಿಡೋಣ ಎಂದು ಉಗುರು ಹಾಕಿದೆ. ಬರಲಿಲ್ಲ.
ಬದುಕಿದ್ದವರ ಹೆಸರು ಸುಡುವುದು ಹೇಗೆ?
ಮಡಿಚಿ ಕೋಳಿಯ ಬುಟ್ಟಿಗೆ ಹಾಸಿದೆ,
ಹನಿ ಸೋರದ ಗಟ್ಟಿ ಚೀಲ.

ಕೋಳಿ ಅದರ ಮೇಲೆ ಕೂತಿದೆ.
ಐದು ಮೊಟ್ಟೆ.
ತಿನ್ನುವ ಹಾಗಿಲ್ಲ, ಮಾರಲು ಮನಸ್ಸಿಲ್ಲ,
ಅದಕ್ಕೆ ಯಾರು ಹೇಳಬೇಕು,
ಕಾವು ಕೊಡುತ್ತಿದೆ.